ನರ್ಸಮ್ಮನಿಗೆ ಕೇಕ್ ಸಾಕೇ? ಆಸ್ಪತ್ರೆಗಳ ಮೆಚ್ಚುಗೆ ಮತ್ತು ಮೇ 12ರ ಫಾರ್ವರ್ಡ್‌ಗಳು

ಮೇ 12 ಬಂತೆಂದರೆ ವಾಟ್ಸ್‌ಆ್ಯಪ್ ಗ್ರೂಪುಗಳ ತುಂಬಾ ದೀಪ ಹಿಡಿದ ಹೆಂಗಸಿನ ಚಿತ್ರ, ಗುಲಾಬಿ ಹೂ, ಕೈಮುಗಿದ ಎಮೋಜಿಗಳು. ನಮ್ಮ ತಂಡದ ಒಬ್ಬರ ಊರು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ. ಅವರ ಊರಿನ ಗ್ರೂಪಿಗೂ ಇವು ತಪ್ಪದೆ ಬರುತ್ತವೆ. ಒಂದು ವರ್ಷ ಇಂಥ ಶುಭಾಶಯಗಳ ನಡುವೆಯೇ ಯಾರೋ ಒಬ್ಬರು ಕೇಳಿದ್ದರು: "ರಾತ್ರಿ ಹೊತ್ತು ಆಸ್ಪತ್ರೇಲಿ ಸಿಸ್ಟರ್ ಇರ್ತಾರಾ? ಮನೇಲಿ ಹೆರಿಗೆ ನೋವು ಶುರುವಾಗಿದೆ."

ಶುಭಾಶಯ ಕಳಿಸಿದವರು ನೂರು ಜನ. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಈ ಲೇಖನ ಹುಟ್ಟಿದ್ದು ಅಲ್ಲಿಂದ. ಆಸ್ಪತ್ರೆಗಳು ತಮ್ಮ ನರ್ಸ್‌ಗಳಿಗೆ ಮೆಚ್ಚುಗೆಯನ್ನು ಹೇಗೆ ತೋರಿಸುತ್ತವೆ? ಅದರಲ್ಲಿ ಯಾವುದು ನಿಜಕ್ಕೂ ಅವರಿಗೆ ಉಪಯೋಗ? ಅದರಿಂದ ರೋಗಿಗಳಾದ ನಮಗೇನು? ಒಂದೊಂದಾಗಿ ನೋಡೋಣ.

ಮೊದಲು ಫಾರ್ವರ್ಡ್‌ಗಳ ಲೆಕ್ಕ

*ಹೇಳಿಕೆ: ನರ್ಸ್ ಎಂಬ ಪದದ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ಸದ್ಗುಣದ ಅರ್ಥವಿದೆ.*
ಸುಳ್ಳು. ಇದು ಅಕ್ಷರಗಳನ್ನು ಜೋಡಿಸಿ ಮಾಡಿದ ಸಂಕ್ಷಿಪ್ತ ರೂಪವಲ್ಲ. ಉಣಿಸು, ಪೋಷಿಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಮಾತು. ನಮ್ಮ 'ಶುಶ್ರೂಷೆ'ಯ ಮೂಲ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ 'ಕೇಳಿಸಿಕೊಳ್ಳುವ ಇಚ್ಛೆ'. ಸೇವೆ ಎಂಬ ಅರ್ಥ ಆಮೇಲೆ ಬಂದದ್ದು.

*ಹೇಳಿಕೆ: ನರ್ಸಿಂಗ್ ವಿದ್ಯಾರ್ಥಿಗಳು ದೀಪ ಹಿಡಿದು ಮಾಡುವ ಪ್ರತಿಜ್ಞೆಯನ್ನು ಬರೆದದ್ದು ಫ್ಲಾರೆನ್ಸ್ ನೈಟಿಂಗೇಲ್.*
ಸುಳ್ಳು. ಅದನ್ನು ರಚಿಸಿದ್ದು 1893ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಲಿಸ್ಟ್ರಾ ಗ್ರೆಟರ್ ಮುಂದಾಳತ್ವದ ಸಮಿತಿ. ಗೌರವಕ್ಕಾಗಿ ನೈಟಿಂಗೇಲ್ ಹೆಸರಿಟ್ಟರು. ಮೇ 12 ಅವರ ಹುಟ್ಟುಹಬ್ಬ (1820) ಎಂಬುದು ಮಾತ್ರ ನಿಜ.

*ಹೇಳಿಕೆ: 2020ರ ಮಾರ್ಚ್ 22ರಂದು ಆರೋಗ್ಯ ಸಿಬ್ಬಂದಿಗಾಗಿ ತಟ್ಟಿದ ಚಪ್ಪಾಳೆಯ ಕಂಪನದಿಂದ ಕೊರೊನಾ ವೈರಾಣು ಸತ್ತಿತು.*
ಸುಳ್ಳು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಸಂಸ್ಥೆಯೇ ಆಗ ಇದನ್ನು ಅಲ್ಲಗಳೆದಿತ್ತು. ಆ ಚಪ್ಪಾಳೆ ಕೃತಜ್ಞತೆಗಾಗಿ ಇತ್ತು, ಅಷ್ಟೇ.

*ಹೇಳಿಕೆ: ಖಾಸಗಿ ಆಸ್ಪತ್ರೆಯ ಎಲ್ಲ ನರ್ಸ್‌ಗಳಿಗೆ ತಿಂಗಳಿಗೆ 20,000 ರೂಪಾಯಿ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ.*
ಅರ್ಧ ನಿಜ. 2016ರ ಜನವರಿಯಲ್ಲಿ ಕೋರ್ಟ್ ಹೇಳಿದ್ದು, ಈ ವಿಷಯ ಪರಿಶೀಲಿಸಲು ಸಮಿತಿ ಮಾಡಿ ಎಂದು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ 20,000ಕ್ಕೆ ಕಡಿಮೆಯಾಗಬಾರದು, 200 ಹಾಸಿಗೆಗಿಂತ ದೊಡ್ಡದಾದರೆ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು ಎಂದು ಆ ಸಮಿತಿ ಹೇಳಿತು. ಆದರೆ ಅದು ಶಿಫಾರಸು. ಜಾರಿಗೆ ಬರಬೇಕಾದರೆ ರಾಜ್ಯಗಳು ನಿಯಮ ಮಾಡಬೇಕು.

ಆಸ್ಪತ್ರೆಗಳು ಏನೇನು ಮಾಡುತ್ತವೆ?

ಹೆಚ್ಚಿನ ಕಡೆ ಮೇ 12ರಂದು ದೀಪ ಹಚ್ಚಿ, ಕೇಕ್ ಕತ್ತರಿಸಿ, ಹಿರಿಯ ನರ್ಸ್‌ಗಳಿಗೆ ಶಾಲು ಹೊದಿಸುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ 'ತಿಂಗಳ ಉತ್ತಮ ನರ್ಸ್' ಎಂದು ಫೋಟೊ ಹಾಕುವ ಪದ್ಧತಿ ಇದೆ. ದೇಶದ ಮಟ್ಟದಲ್ಲಿ 1973ರಿಂದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಇದೆ. ಅದನ್ನು ರಾಷ್ಟ್ರಪತಿಗಳು ಕೊಡುತ್ತಾರೆ.

ಅಮೆರಿಕದಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹಬ್ಬಿದ 'ಡೈಸಿ ಪ್ರಶಸ್ತಿ'ಯ ಕಥೆ ಸ್ವಲ್ಪ ಬೇರೆ. 1999ರಲ್ಲಿ ಪ್ಯಾಟ್ರಿಕ್ ಬಾರ್ನ್ಸ್ ಎಂಬ 33 ವರ್ಷದ ಯುವಕ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಕಾಯಿಲೆಯಿಂದ ತೀರಿಕೊಂಡರು. ಮಗನನ್ನು ನೋಡಿಕೊಂಡ ನರ್ಸ್‌ಗಳಿಗೆ ಧನ್ಯವಾದ ಹೇಳಲು ಆ ಮನೆಯವರು ಇದನ್ನು ಶುರುಮಾಡಿದರು. ಇಲ್ಲಿ ರೋಗಿಗಳು, ಅವರ ಮನೆಯವರು, ಸಹೋದ್ಯೋಗಿಗಳು ಯಾರು ಬೇಕಾದರೂ ಒಬ್ಬ ನರ್ಸ್ ಮಾಡಿದ ಕೆಲಸವನ್ನು ಬರೆದು ಹೆಸರು ಸೂಚಿಸಬಹುದು. ಗೆದ್ದವರಿಗೆ ಜಿಂಬಾಬ್ವೆಯ ಕುಶಲಕರ್ಮಿಗಳು ಕೆತ್ತಿದ ಕಲ್ಲಿನ ಮೂರ್ತಿ ಸಿಗುತ್ತದೆ.

ಇದರಿಂದ ಪ್ರಯೋಜನ ಇದೆಯೇ?

ಇದೆ, ಆದರೆ ಮಿತಿಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಕೆಲಸದ ತೃಪ್ತಿಯ ಬಗ್ಗೆ ಒಂದು ಮಾತು ಹೇಳಿದರು. ಸಂಬಳ, ಕೆಲಸದ ಜಾಗ, ನಿಯಮಗಳು ಕೆಟ್ಟದಾಗಿದ್ದರೆ ಅಸಮಾಧಾನ ಹುಟ್ಟುತ್ತದೆ. ಮೆಚ್ಚುಗೆ, ಜವಾಬ್ದಾರಿ, ಬೆಳೆಯುವ ಅವಕಾಶ ಇದ್ದರೆ ಹುರುಪು ಹುಟ್ಟುತ್ತದೆ. ಎರಡೂ ಬೇರೆ ಬೇರೆ ಲೆಕ್ಕ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಲಾಗದು. ಈ ಸಿದ್ಧಾಂತದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದರೂ, ಇಲ್ಲಿ ಅದು ಚೆನ್ನಾಗಿ ಹೊಂದುತ್ತದೆ.

2020ನ್ನೇ ನೆನಪಿಸಿಕೊಳ್ಳಿ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ದೇಶದ ಹಲವು ನಗರಗಳ ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು, ನರ್ಸ್‌ಗಳೂ ಸೇರಿ, ಸಮಾನ ಕೆಲಸಕ್ಕೆ ಸಮಾನ ವೇತನ ಕೇಳಿ ಮುಷ್ಕರ ಮಾಡಿದರು. ಹೂವು ಬೇಡವೆಂದು ಯಾರೂ ಹೇಳಲಿಲ್ಲ. ಹೂವಿನಿಂದ ಬಾಡಿಗೆ ಕಟ್ಟಲಾಗುವುದಿಲ್ಲ, ಅಷ್ಟೇ.

ಒಂದು ಪಾಳಿಗೆ ಎಷ್ಟು ನರ್ಸ್‌ಗಳು ಸಿಗುತ್ತಾರೆ?

ಇದು ನಾವೆಲ್ಲ ತಿಳಿದಿರಬೇಕಾದ ಲೆಕ್ಕ. 2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡದ ಪ್ರಕಾರ, 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರಕ್ಕೆ 10 ಸ್ಟಾಫ್ ನರ್ಸ್‌ಗಳು ಬೇಕಿತ್ತು. 'ಹತ್ತು ಜನ ಇದ್ದಾರಲ್ಲ' ಅನ್ನಿಸಬಹುದು. ಈಗ ಲೆಕ್ಕ ಹಾಕಿ:

- ಒಂದು ಜಾಗದಲ್ಲಿ 24 ಗಂಟೆಯೂ ಒಬ್ಬ ನರ್ಸ್ ಇರಬೇಕೆಂದರೆ ದಿನಕ್ಕೆ 3 ಪಾಳಿ, ವಾರಕ್ಕೆ 21 ಪಾಳಿ.
- ವಾರದ ರಜೆ ಬಿಟ್ಟರೆ ಒಬ್ಬರು ಮಾಡುವುದು 6 ಪಾಳಿ. 21ನ್ನು 6ರಿಂದ ಭಾಗಿಸಿದರೆ ಮೂರೂವರೆ ಜನ.
- ಹಬ್ಬದ ರಜೆ, ಕಾಯಿಲೆ, ಹೆರಿಗೆ ರಜೆ, ತರಬೇತಿ ಸೇರಿಸಿದರೆ ನಾಲ್ಕು ದಾಟುತ್ತದೆ.

ಅಂದರೆ ಹತ್ತೂ ಹುದ್ದೆ ಭರ್ತಿಯಾಗಿದ್ದರೂ ಯಾವುದೇ ಹೊತ್ತಿನಲ್ಲಿ ಸಿಗುವವರು ಸುಮಾರು ಇಬ್ಬರು. ಒಬ್ಬರು ಹೆರಿಗೆ ಕೋಣೆಗೆ, ಇನ್ನೊಬ್ಬರು ವಾರ್ಡಿಗೆ. ಮೂರು ಹುದ್ದೆ ಖಾಲಿ ಇದ್ದರೆ? ರಾತ್ರಿ ಒಬ್ಬರೇ. ಹಾವು ಕಚ್ಚಿದವರನ್ನು ಹೊಲದಿಂದ ಕರೆತಂದ ಹೊತ್ತಿಗೆ ಆ ಒಬ್ಬರು ಹೆರಿಗೆ ಮಾಡಿಸುತ್ತಿದ್ದರೆ? 'ಸಿಸ್ಟರ್ ಕರೆದರೂ ಬರಲಿಲ್ಲ' ಎಂದು ನಾವು ಸಿಟ್ಟಾಗುವ ಮುನ್ನ ಈ ಲೆಕ್ಕ ನೆನಪಿರಲಿ.

ಪರಶುರಾಂಪುರದಂಥ ಗಡಿ ಹೋಬಳಿಯಲ್ಲಿ ಇನ್ನೂ ಒಂದು ಕೆಲಸ ಸೇರುತ್ತದೆ. ಬರುವವರಲ್ಲಿ ಕೆಲವರ ಮಾತು ಕನ್ನಡ, ಕೆಲವರದು ತೆಲುಗು. ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಎರಡೂ ಭಾಷೆಯಲ್ಲಿ ಬಿಡಿಸಿ ಹೇಳುವುದು ಹೆಚ್ಚಾಗಿ ನರ್ಸಮ್ಮನೇ. ಈ ಕೆಲಸ ಯಾವ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ.

ರೋಗಿಯ ಜೀವಕ್ಕೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳನ್ನು ನೋಡಿತ್ತು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಏರಿತ್ತು. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಧ್ಯಯನದಲ್ಲೂ ಇದೇ ಶೇ 7 ಕಂಡಿತ್ತು. ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು ಇದೊಂದೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಆದರೆ ಬೇರೆ ಬೇರೆ ದೇಶಗಳಲ್ಲಿ ಒಂದೇ ನಂಟು ಮತ್ತೆ ಕಂಡಾಗ ಅದನ್ನು ತಳ್ಳಿಹಾಕುವುದು ಕಷ್ಟ.

ಕಾರಣ ಊಹಿಸುವುದೂ ಕಷ್ಟವಲ್ಲ. ವೈದ್ಯರು ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಉಸಿರು ವೇಗವಾದದ್ದು, ಬಿಪಿ ಇಳಿದದ್ದು, ಬಾಣಂತಿಗೆ ರಕ್ತಸ್ರಾವ ಹೆಚ್ಚಾದದ್ದು ಮೊದಲು ಕಣ್ಣಿಗೆ ಬೀಳುವುದು ಹಾಸಿಗೆ ಪಕ್ಕ ಇರುವವರಿಗೆ. ಅವರು ಇನ್ನೊಂದು ವಾರ್ಡಿನಲ್ಲಿದ್ದರೆ ಆ ಹತ್ತು ನಿಮಿಷ ಹೋಯಿತು. ದಣಿವಿನದೂ ಇದೇ ಕಥೆ. 2004ರ ಅಮೆರಿಕದ ಅಧ್ಯಯನವೊಂದರಲ್ಲಿ ಪಾಳಿ ಹನ್ನೆರಡೂವರೆ ಗಂಟೆ ಮುಟ್ಟಿದಾಗ ತಪ್ಪಾಗುವ ಸಂಭವ ಮೂರು ಪಟ್ಟಾಗಿತ್ತು.

ನರ್ಸ್‌ಗಳು ಬಿಟ್ಟುಹೋಗದ ಆಸ್ಪತ್ರೆಗಳು

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನರ್ಸ್‌ಗಳ ಭಾರಿ ಕೊರತೆ ಇತ್ತು. ಆದರೂ ಕೆಲವು ಆಸ್ಪತ್ರೆಗಳನ್ನು ನರ್ಸ್‌ಗಳು ಬಿಟ್ಟುಹೋಗುತ್ತಿರಲಿಲ್ಲ. ಅಂಥ 41 ಆಸ್ಪತ್ರೆಗಳನ್ನು ಗುರುತಿಸಿದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ನರ್ಸ್‌ಗಳನ್ನು ಸೆಳೆದು ಹಿಡಿದಿಡುವುದರಿಂದ ಅವಕ್ಕೆ 'ಮ್ಯಾಗ್ನೆಟ್' ಎಂಬ ಹೆಸರು ಬಂತು. ಅಲ್ಲಿ ಸಾಕಷ್ಟು ಸಿಬ್ಬಂದಿ ಇದ್ದರು, ಪಾಳಿ ಹಾಕುವಾಗ ಹೊಂದಾಣಿಕೆ ಇತ್ತು, ಮುಂದೆ ಓದಲು ಅವಕಾಶ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತೀರ್ಮಾನ ಮಾಡುವ ಕಡೆ ನರ್ಸ್ ಮಾತಿಗೆ ಬೆಲೆ ಇತ್ತು. ಶುಶ್ರೂಷೆ ಎಂದರೆ ಕೇಳಿಸಿಕೊಳ್ಳುವ ಇಚ್ಛೆ ಎಂದೆವಲ್ಲ, ಅದು ಆಸ್ಪತ್ರೆಗೂ ಅನ್ವಯಿಸುತ್ತದೆ.

ಸುರಕ್ಷತೆಯೂ ಮೆಚ್ಚುಗೆಯೇ

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುವಾಗ ಅಲ್ಲೇ ಕೆಲಸಕ್ಕಿದ್ದವನೊಬ್ಬ ಅವರ ಮೇಲೆ ಕ್ರೂರವಾಗಿ ದೌರ್ಜನ್ಯ ಎಸಗಿದ. ಮಿದುಳಿಗೆ ಪೆಟ್ಟಾಗಿ ಅವರು ಮತ್ತೆ ಮೊದಲಿನಂತಾಗಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರಿಗೆ ಉಣಿಸಿದರು, ಮಗ್ಗುಲು ಬದಲಿಸಿದರು, ಹುಟ್ಟುಹಬ್ಬ ಆಚರಿಸಿದರು. ಅಷ್ಟು ವರ್ಷ ಮಲಗಿದ್ದರೂ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡರೆಂದು 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಹೊಗಳಿತು.

ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಒಬ್ಬ ನರ್ಸ್‌ಗೆ ಮೊದಲು ಬೇಕಿದ್ದದ್ದು ಬಟ್ಟೆ ಬದಲಿಸಲು ಒಂದು ಸುರಕ್ಷಿತ ಕೋಣೆ. ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು 2009ರ ಕಾಯ್ದೆ ಇದೆ. ಅದು ನರ್ಸ್‌ಗಳಿಗೂ ಅನ್ವಯಿಸುತ್ತದೆ, ಹಲ್ಲೆಗೆ ಜೈಲು ಶಿಕ್ಷೆಯೂ ಇದೆ. ಸಿಟ್ಟಿನಲ್ಲಿ ಕೈ ಎತ್ತುವವರಿಗೆ ಇದು ತಿಳಿದಿರಬೇಕು.

ನಾವೇನು ಮಾಡಬಹುದು?

- ಹೆಸರು ಕೇಳಿ, ಬರೆದು ಕೊಡಿ. 'ಎಲ್ಲ ಸಿಸ್ಟರ್‌ಗಳಿಗೂ ಧನ್ಯವಾದ' ಎನ್ನುವುದಕ್ಕಿಂತ ಇಂಥ ದಿನ, ಇಂಥ ವಾರ್ಡಿನಲ್ಲಿ, ಇಂಥವರು ಹೀಗೆ ನೋಡಿಕೊಂಡರು ಎಂದು ನಾಲ್ಕು ಸಾಲು ಬರೆದು ವೈದ್ಯಾಧಿಕಾರಿಗೆ ಕೊಡಿ. ದೂರು ಪೆಟ್ಟಿಗೆಗೆ ದೂರು ಮಾತ್ರ ಹಾಕಬೇಕೆಂದೇನೂ ಇಲ್ಲ. ಗಂಡಸರೂ ಈ ಕೆಲಸದಲ್ಲಿದ್ದಾರೆ, ಬ್ರದರ್‌ಗಳನ್ನು ಮರೆಯಬೇಡಿ.
- ಆರೋಗ್ಯ ರಕ್ಷಾ ಸಮಿತಿಯನ್ನು ಕೇಳಿ. ಸರ್ಕಾರಿ ಆಸ್ಪತ್ರೆಗಳಿಗೆ ಈ ಸಮಿತಿ ಇರುತ್ತದೆ. ಮಂಜೂರಾದ ನರ್ಸ್ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ರಾತ್ರಿ ಪಾಳಿಯವರಿಗೆ ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ ಇದೆಯೇ ಎಂದು ವಿಚಾರಿಸಿ.
- ವಾರ್ಡಿನಲ್ಲಿ ಜನ ಕಡಿಮೆ ಮಾಡಿ. ಒಬ್ಬ ರೋಗಿಗೆ ಎಂಟು ಜನ ಬಂದು ಒಂದೇ ಪ್ರಶ್ನೆಯನ್ನು ಎಂಟು ಸಲ ಕೇಳಿದರೆ ಆ ಸಮಯ ಹೋಗುವುದು ಪಕ್ಕದ ಹಾಸಿಗೆಯವರ ಲೆಕ್ಕದಿಂದ.
- ಕೇಳದೆ ವಿಡಿಯೊ ಮಾಡಬೇಡಿ. ಹೊಗಳುವ ವಿಡಿಯೊ ಆದರೂ ಸರಿ, ನರ್ಸ್ ಒಪ್ಪಿಗೆ ಬೇಕು, ರೋಗಿಯ ಒಪ್ಪಿಗೆಯೂ ಬೇಕು.

ಅಂದಹಾಗೆ, ಆ ರಾತ್ರಿ ಗ್ರೂಪಿನಲ್ಲಿ ಪ್ರಶ್ನೆ ಕೇಳಿದ್ದವರ ಮನೆಯಲ್ಲಿ ಹೆರಿಗೆ ಸುಸೂತ್ರವಾಯಿತು. ಪಾಳಿಯಲ್ಲಿ ಒಬ್ಬ ಸಿಸ್ಟರ್ ಇದ್ದರು. ಅವರ ಹೆಸರು ಏನೆಂದು ಮರುದಿನ ನಮ್ಮವರು ಕೇಳಿದರೆ ಮನೆಯವರಿಗೆ ಗೊತ್ತಿರಲಿಲ್ಲ. ಮುಂದಿನ ಮೇ 12ಕ್ಕೆ ದೀಪದ ಚಿತ್ರ ಕಳಿಸುವ ಮುನ್ನ ನಿಮ್ಮೂರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಎಷ್ಟು ನರ್ಸ್‌ಗಳಿದ್ದಾರೆ ಎಂದು ವಿಚಾರಿಸಿ, ಆ ಉತ್ತರವನ್ನು ಗ್ರೂಪಿಗೆ ಹಾಕಿ. ಅದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.