ಮನೆಮಾತು, ಮನದ ನೋವು ಮತ್ತು ಮದ್ದು

ದೇಹದ ಬಹುಪಾಲು ಕಾಯಿಲೆಗಳಲ್ಲಿ ವೈದ್ಯರ ಕೈಗೆ ಯಾವುದಾದರೊಂದು ಅಳತೆ ಸಿಗುತ್ತದೆ; ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆಯೂ ಮುರಿದ ಮೂಳೆಗೆ ಎಕ್ಸ್‌ರೇ ಚಿತ್ರವೂ ಸಾಕ್ಷಿ ನುಡಿಯುತ್ತವೆ. ಖಿನ್ನತೆ, ಆತಂಕ, ಗೀಳು ಮೊದಲಾದ ಮನಸ್ಸಿನ ಕಾಯಿಲೆಗಳನ್ನು ಖಚಿತಪಡಿಸುವ ಅಂಥ ಪರೀಕ್ಷೆ ಇಂದಿಗೂ ಇಲ್ಲವಾದ್ದರಿಂದ, ರೋಗಿ ಆಡುವ ಮಾತು, ಆಡಲಾಗದೆ ನುಂಗಿಕೊಳ್ಳುವ ಮಾತು, ಮನೆಯವರು ಕೂಡಿಸಿ ಹೇಳುವ ವಿವರ ಮತ್ತು ವೈದ್ಯರ ಕಣ್ಣಿಗೆ ಬೀಳುವ ನಡವಳಿಕೆ ಇವುಗಳನ್ನೇ ಆಧರಿಸಿ ರೋಗನಿರ್ಣಯ ನಡೆಯಬೇಕಾಗುತ್ತದೆ. ಬೇರೆ ವೈದ್ಯರಿಗೆ ನಾಡಿ ಎಷ್ಟು ಮುಖ್ಯವೋ ಮನೋವೈದ್ಯರಿಗೆ ಮಾತು ಅಷ್ಟೇ ಮುಖ್ಯ. ಹೀಗಿರುವಾಗ ಮನೆಯಲ್ಲಿ ಒಂದು ಭಾಷೆ, ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆ ಆಡುವ ಜನರ ಪಾಲಿಗೆ ಮಾನಸಿಕ ಆರೋಗ್ಯದ ಪ್ರಶ್ನೆಯೊಳಗೆ ಭಾಷೆಯ ಪ್ರಶ್ನೆಯೂ ಸೇರಿಕೊಂಡಿರುತ್ತದೆ.

ಕೊಯಮತ್ತೂರಿನ ಪಶ್ಚಿಮಕ್ಕೆ, ವೆಳ್ಳಿಯಂಗಿರಿ ಬೆಟ್ಟಗಳ ತಪ್ಪಲಿನಲ್ಲಿರುವ ತೊಂಡಾಮುತ್ತೂರು ಅಂಥ ಒಂದು ಸೀಮೆ. ಆ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿ ತೆಂಗು, ಅಡಿಕೆ, ಬಾಳೆಯ ತೋಟಗಳನ್ನು ಹಾದು, ಪೇರೂರು ಮತ್ತು ಕೊಯಮತ್ತೂರನ್ನು ದಾಟಿ, ಬನಿಯನ್ ಕಾರ್ಖಾನೆಗಳ ತಿರುಪ್ಪೂರಿನ ಮೂಲಕ ಕಾವೇರಿಯನ್ನು ಸೇರುತ್ತದೆ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಪ್ರದೇಶದಲ್ಲಿ ಬೇಸಾಯದ ಒಕ್ಕಲಿಗ ಕುಟುಂಬಗಳೂ ನೇಯ್ಗೆಯ ದೇವಾಂಗ ಕುಟುಂಬಗಳೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿವೆ. ಇಂದು ಕರ್ನಾಟಕದಲ್ಲಿರುವ ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಶಾಲೆ, ಸಂತೆ, ಕಚೇರಿ, ಆಸ್ಪತ್ರೆಗಳಲ್ಲಿ ತಮಿಳು ನಡೆಯುತ್ತದೆ. ಜಗಳ, ಜೋಗುಳ, ಹರಕೆ, ಅಳು ಕನ್ನಡದಲ್ಲಿ ನಡೆಯುತ್ತವೆ. ಮನಸ್ಸಿನ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಈ ಎರಡನೆಯ ಮಾತಿನಲ್ಲಿ.

ಬೇಸರಕ್ಕೂ ಕಾಯಿಲೆಗೂ ನಡುವಿನ ಗೆರೆ

ಬೆಳೆ ಕೈಕೊಟ್ಟಾಗ, ಬೋರ್‌ವೆಲ್ ಬತ್ತಿದಾಗ, ಸಾವು ಸಂಭವಿಸಿದಾಗ ಮನಸ್ಸು ಕುಗ್ಗುವುದು ಸಹಜವಾದ ದುಃಖವೇ ಹೊರತು ಕಾಯಿಲೆಯಲ್ಲ. ದಿನದ ಹೆಚ್ಚು ಹೊತ್ತು ಮನಸ್ಸು ಮಂಕಾಗಿರುವುದು ಅಥವಾ ಮೊದಲು ಹಿಡಿಸುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಕನಿಷ್ಠ ಎರಡು ವಾರಗಳ ಕಾಲ ಎಡೆಬಿಡದೆ ಮುಂದುವರಿದು, ಅದರೊಡನೆ ನಿದ್ದೆ ಮತ್ತು ಹಸಿವಿನ ಏರುಪೇರು, ದಣಿವು, ಏಕಾಗ್ರತೆಯ ಕೊರತೆ, ತಾನು ಯಾವುದಕ್ಕೂ ಬಾರದವನೆಂಬ ಭಾವ, ಸಾವಿನ ಯೋಚನೆ ಇವುಗಳಲ್ಲಿ ಹಲವು ಕೂಡಿಕೊಂಡು ದಿನನಿತ್ಯದ ಕೆಲಸ ಕೆಟ್ಟರೆ ಅದನ್ನು ವೈದ್ಯರು ಖಿನ್ನತೆ ಎಂದು ಗುರುತಿಸುತ್ತಾರೆ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ ಇವೂ ಇದೇ ವೇಷದಲ್ಲಿ ಬರಬಲ್ಲವಾದ್ದರಿಂದ ಮನೋವೈದ್ಯರು ಒಮ್ಮೊಮ್ಮೆ ರಕ್ತಪರೀಕ್ಷೆಗೆ ಬರೆದುಕೊಡುವುದುಂಟು. ಅದು ಖಿನ್ನತೆಯನ್ನು ಅಳೆಯುವುದಕ್ಕಲ್ಲ, ಖಿನ್ನತೆಯಂತೆ ಕಾಣುವ ಬೇರೆ ಕಾಯಿಲೆಗಳನ್ನು ಬೇರ್ಪಡಿಸುವುದಕ್ಕೆ.

ಹಳ್ಳಿಯ ರೋಗಿಗಳು ಮನಸ್ಸಿನ ನೋವನ್ನು ಸಾಮಾನ್ಯವಾಗಿ ದೇಹದ ಮಾತಿನಲ್ಲಿಯೇ ಹೇಳುತ್ತಾರೆ: ತಲೆ ಭಾರ, ಮೈಯೆಲ್ಲ ಉರಿ, ಎದೆಯಲ್ಲಿ ಸಂಕಟ. ಕನ್ನಡದ ‘ಸಂಕಟ’ ತೀವ್ರ ಯಾತನೆಯನ್ನು ಸೂಚಿಸಿದರೆ ಅದೇ ಮೂಲದ ತಮಿಳು ಪದ ಮುಜುಗರವನ್ನೋ ಇರಿಸುಮುರಿಸನ್ನೋ ಸೂಚಿಸುವುದೇ ಹೆಚ್ಚು. ಜೊತೆಗೆ ಹೋದವರು ಆ ಮಾತನ್ನು ‘ನೆಂಜುವಲಿ’, ಅಂದರೆ ಎದೆನೋವು ಎಂದು ತಿರುಗಿಸಿಬಿಟ್ಟರೆ ರೋಗಿ ಹೃದಯದ ಪರೀಕ್ಷೆಗೆ ಹೋಗಿ, ವರದಿಯಲ್ಲಿ ಏನೂ ಕಾಣದೆ, ಕಾಯಿಲೆಯೇ ಇಲ್ಲವೆನಿಸಿಕೊಂಡು ಹಿಂದಿರುಗುವ ಸಾಧ್ಯತೆ ಇರುತ್ತದೆ. ಹೊಸದಾಗಿ ಬಂದ ಎದೆನೋವಿಗೆ ಹೃದಯದ ಪರೀಕ್ಷೆ ಮೊದಲು ಆಗಲೇಬೇಕು. ಆದರೆ ಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟಿದಂತಾಗುವುದು, ಸತ್ತೇಹೋಗುವೆನೆಂಬ ಭಯ ಹಠಾತ್ತನೆ ಎದ್ದು ಕೆಲವು ನಿಮಿಷಗಳಲ್ಲಿ ತುದಿಮುಟ್ಟಿ ಇಳಿಯುವುದು ಆತಂಕದ ದಾಳಿಯ ಲಕ್ಷಣವಾಗಿದ್ದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ನಿದ್ದೆ, ದುಡಿಮೆ, ಕುಡಿತ

ದಿನನಿತ್ಯದ ಮಾನಸಿಕ ಆರೋಗ್ಯಕ್ಕೆ ನಿದ್ದೆಯೇ ತಳಪಾಯ. ಕಾಡಂಚಿನ ಈ ಊರುಗಳಲ್ಲಿ ಆನೆಗಳು ತೋಟಕ್ಕೆ ನುಗ್ಗದಂತೆ ರಾತ್ರಿ ಕಾವಲು ಕಾಯುವ ರೈತರಿಗೂ ತಿರುಪ್ಪೂರಿನ ರಾತ್ರಿ ಪಾಳಿಯ ಕಾರ್ಮಿಕರಿಗೂ ಬೇಗ ಮಲಗಿ ಬೇಗ ಏಳಿರೆಂಬ ಹಿತವಚನದಿಂದ ಪ್ರಯೋಜನವಿಲ್ಲ. ಅಂಥವರು ಮನೆಯವರೊಡನೆ ಅಥವಾ ಪಕ್ಕದ ತೋಟದವರೊಡನೆ ಕಾವಲಿನ ಸರದಿ ಹಂಚಿಕೊಳ್ಳುವುದು, ಹಗಲಿನಲ್ಲಿ ಕತ್ತಲು ಮಾಡಿದ ಕೋಣೆಯಲ್ಲಿ ಒಂದೇ ಹೊತ್ತಿಗೆ ಮಲಗುವುದು, ಕಾವಲಿನ ಕೊನೆಯ ಗಂಟೆಗಳಲ್ಲಿ ಕಾಫಿ, ಚಹಾ ಬಿಡುವುದು ಹೆಚ್ಚು ಫಲ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವೇಗದ ದೈಹಿಕ ಚಟುವಟಿಕೆಯನ್ನು ಶಿಫಾರಸು ಮಾಡುತ್ತದೆ. ತೋಟದಲ್ಲಿ ಅಗೆಯುವವರಿಗೆ ಅದು ದುಡಿಮೆಯಲ್ಲಿಯೇ ದೊರೆತರೆ, ಹೊಲಿಗೆ ಯಂತ್ರದ ಮುಂದೆ ಇಡೀ ದಿನ ಕೂರುವವರು ಅದಕ್ಕೆಂದೇ ಸಮಯ ತೆಗೆದಿಡಬೇಕಾಗುತ್ತದೆ.

ನಿದ್ದೆ ಬರಲೆಂದು ಕುಡಿಯುವ ಮದ್ಯ ಮೊದಲು ಮಂಪರು ತಂದರೂ ನಡುರಾತ್ರಿಯ ನಂತರದ ನಿದ್ದೆಯನ್ನು ಒಡೆಯುತ್ತದೆ, ದಿನ ಕಳೆದಂತೆ ಖಿನ್ನತೆಯನ್ನೂ ಹೆಚ್ಚಿಸುತ್ತದೆ. ಮದ್ಯವ್ಯಸನವೆಂದರೆ ಕುಡಿತ ತನ್ನ ಹಿಡಿತ ಮೀರಿ ಹೋಗಿ, ಬಿಟ್ಟರೆ ದೇಹವೇ ಪ್ರತಿಭಟಿಸುವ ಸ್ಥಿತಿ. ಈ ವಿಷಯದಲ್ಲಿ ಮನೆಯವರು ತಿಳಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಮೂರ್ಛೆ, ಎರಡು ಮೂರು ದಿನಗಳಲ್ಲಿ ದಿಕ್ಕುತಪ್ಪಿದ ಬಡಬಡಿಕೆ ಬಂದು ಜೀವಕ್ಕೇ ಅಪಾಯವಾಗಬಲ್ಲದಾದ್ದರಿಂದ ಅವರು ವೈದ್ಯರ ನಿಗಾದಲ್ಲಿಯೇ ಕುಡಿತ ಬಿಡಬೇಕು. ಎರಡನೆಯದು, ಕುಡಿದರೆ ವಾಂತಿ, ಸಂಕಟ ಬರಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ರೋಗಿಗೆ ತಿಳಿಯದಂತೆ ಸಾರಿಗೋ ಹಿಟ್ಟಿಗೋ ಬೆರೆಸುವುದು ಅತ್ಯಂತ ಅಪಾಯಕಾರಿ. ತಿಳಿಯದೆ ಮಾತ್ರೆ ತಿಂದವನು ಎಂದಿನಂತೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಎರವಾಗಬಹುದು.

ಹಳೆಯ ಹೆಸರುಗಳು, ಇಂದಿನ ಅರಿವು

ಮನೋವೈದ್ಯಶಾಸ್ತ್ರ ಹೊಸದಾಗಿ ಕಂಡುಹಿಡಿದ ಕಾಯಿಲೆಗಳೆಂದು ಭಾವಿಸಲಾದ ಕೆಲವಕ್ಕೆ ಕನ್ನಡದಲ್ಲಿ ಹಿಂದಿನಿಂದಲೂ ಹೆಸರಿದೆ. ಹೆರಿಗೆಯಾದ ಮೊದಲ ಒಂದೆರಡು ವಾರಗಳಲ್ಲಿ ನಿದ್ದೆಗೆಟ್ಟು, ಗೊಂದಲಗೊಂಡು, ಇಲ್ಲದ್ದನ್ನು ಕಂಡಂತೆ ಕೇಳಿದಂತೆ ಆಡುವ ಸ್ಥಿತಿಯನ್ನು ಹಿರಿಯರು ಬಾಣಂತಿ ಸನ್ನಿ ಎಂದು ಕರೆದಿದ್ದಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಾಣಿಸುವ ಇದು ತಾಯಿಗೂ ಮಗುವಿಗೂ ಅಪಾಯ ತರುವ ತುರ್ತುಸ್ಥಿತಿಯಾಗಿದ್ದು, ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುತೇಕ ತಾಯಂದಿರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ನೋಡಿಕೊಳ್ಳುವ ವಿಭಾಗವನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 2009ರಲ್ಲಿ ಆರಂಭಿಸಿತು.

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಮಾತ್ರ ತಪ್ಪು ದಾರಿಗೆ ಎಳೆಯುತ್ತದೆ, ಏಕೆಂದರೆ ದಾರಿ ತಪ್ಪುವಷ್ಟು, ಮಕ್ಕಳ ಹೆಸರು ಮರೆಯುವಷ್ಟು ನೆನಪು ಕೆಡುವುದು ವಯಸ್ಸಿನ ಸಹಜ ಗುಣವಲ್ಲ, ಮೆದುಳಿನ ಕಾಯಿಲೆ. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಹೈದರಾಬಾದಿನಲ್ಲಿ ಇಂಥ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತ್ತು. ಕನ್ನಡ, ತಮಿಳು ಎರಡನ್ನೂ ಆಡುವ ತೊಂಡಾಮುತ್ತೂರಿನ ಮನೆಗಳು ಮಕ್ಕಳಿಗೆ ಮನೆಮಾತು ಹೊರೆಯೆಂದು ಬಿಡುವ ಮುನ್ನ ಯೋಚಿಸಬೇಕಾದ ಸಂಗತಿ ಇದು.

ಚಿಕಿತ್ಸೆಯ ದಾರಿಗಳು

ಮನೋವೈದ್ಯರೆಂದರೆ ವೈದ್ಯಪದವಿಯ ಮೇಲೆ ಮನೋರೋಗಗಳಲ್ಲಿ ಹೆಚ್ಚಿನ ತರಬೇತಿ ಪಡೆದು ಔಷಧಿ ಬರೆಯುವ ಅಧಿಕಾರವಿರುವವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದರೆ ಔಷಧಿಯಿಲ್ಲದೆ ಮಾತಿನ ಚಿಕಿತ್ಸೆ ನೀಡುವವರು. ಮಾತಿನ ಚಿಕಿತ್ಸೆ ಸಮಾಧಾನ ಹೇಳಿ ಕಳಿಸುವ ಕೆಲಸವಲ್ಲ. ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವು-ವರ್ತನೆಯ ಚಿಕಿತ್ಸೆಯಲ್ಲಿ, ಒಂದು ಬೆಳೆ ಹೋದರೆ ಬದುಕೇ ಹೋಯಿತು ಎಂಬಂಥ ತಾನಾಗಿ ಏಳುವ ಯೋಚನೆಗಳನ್ನು ಗುರುತಿಸಿ, ಅವು ಎಷ್ಟು ನಿಜವೆಂದು ರೋಗಿಯೇ ಒರೆಹಚ್ಚಿ ನೋಡುವಂತೆ ವಾರಕ್ಕೊಂದರಂತೆ ಹಲವು ಭೇಟಿಗಳಲ್ಲಿ ಕಲಿಸಲಾಗುತ್ತದೆ. ಕೈತೊಳೆಯುವುದನ್ನೇ ನಿಲ್ಲಿಸಲಾಗದಂಥ ಗೀಳಿನ ಕಾಯಿಲೆಯಲ್ಲಿ, ಭಯ ಹುಟ್ಟಿಸುವ ವಸ್ತುವನ್ನು ಹಂತಹಂತವಾಗಿ ಮುಟ್ಟಿಸಿ, ತೊಳೆಯದೆ ತಡೆದುಕೊಳ್ಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಸೌಮ್ಯ ಸ್ವರೂಪದ ಖಿನ್ನತೆ ಮತ್ತು ಆತಂಕಕ್ಕೆ ಇಷ್ಟೇ ಸಾಕಾಗಬಹುದು; ತೀವ್ರವಾದವಕ್ಕೆ ಔಷಧಿಯೂ ಬೇಕಾಗುತ್ತದೆ.

ಫ್ಲುಆಕ್ಸೆಟಿನ್, ಎಸಿಟಾಲೋಪ್ರಾಂ ಮೊದಲಾದ ಖಿನ್ನತೆ ನಿವಾರಕಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಆದರೆ ಹೊಟ್ಟೆ ತೊಳಸುವಂಥ ಅಡ್ಡಪರಿಣಾಮಗಳು ಮೊದಲ ವಾರದಲ್ಲಿಯೇ ಬರುತ್ತವೆ. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ಮಾತ್ರೆ ತನಗೆ ಒಗ್ಗಲಿಲ್ಲವೆಂದು ಬಿಟ್ಟುಬಿಡುತ್ತಾನೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಿಲ್ಲದೆ ಮುಂದುವರಿಸಿ, ವೈದ್ಯರ ಸೂಚನೆಯಂತೆ ಮೆಲ್ಲಗೆ ಇಳಿಸಬೇಕು. ಈ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವ ಅಪಾಯವಿರುವುದು ಆಲ್ಪ್ರಜೋಲಾಂನಂಥ ನಿದ್ದೆ ತರಿಸುವ ಮಾತ್ರೆಗಳನ್ನು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವುದರಲ್ಲಿ. ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆಗೆ 1949ರಿಂದ ಬಳಕೆಯಲ್ಲಿರುವ ಲಿಥಿಯಂ ಇಂದಿಗೂ ಪ್ರಮುಖ ಔಷಧಿ. ಆದರೆ ಬೆವರು ಹರಿದು ದೇಹದ ನೀರಿನಂಶ ತಗ್ಗಿದರೆ ರಕ್ತದಲ್ಲಿ ಅದರ ಪ್ರಮಾಣ ವಿಷಮಟ್ಟಕ್ಕೆ ಏರಬಲ್ಲದಾದ್ದರಿಂದ, ಬಿಸಿಲಿನಲ್ಲಿ ದುಡಿಯುವವರು ಸಾಕಷ್ಟು ನೀರು ಕುಡಿಯುವುದು, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುವುದು ಅಗತ್ಯ. ಇಲ್ಲದ ಧ್ವನಿ ಕೇಳಿಸುವ, ಇತರರು ತನಗೆ ಕೇಡು ಬಗೆಯುತ್ತಿದ್ದಾರೆಂದು ದೃಢವಾಗಿ ನಂಬುವ ಸ್ಕಿಜೋಫ್ರೇನಿಯಾ ಕಾಯಿಲೆಗೆ ರಿಸ್ಪೆರಿಡೋನ್, ಓಲಾಂಜಪಿನ್ ಮುಂತಾದ ಔಷಧಿಗಳಿದ್ದು, ದಿನವೂ ಮಾತ್ರೆ ನುಂಗಲಾಗದವರಿಗೆ ವಾರಗಟ್ಟಲೆ ಕೆಲಸ ಮಾಡುವ ಚುಚ್ಚುಮದ್ದೂ ದೊರೆಯುತ್ತದೆ.

ಸಿನಿಮಾಗಳು ಶಿಕ್ಷೆಯಂತೆ ತೋರಿಸಿ ಜನರಲ್ಲಿ ಹೆದರಿಕೆ ಬಿತ್ತಿರುವ ವಿದ್ಯುತ್ ಕಂಪನ ಚಿಕಿತ್ಸೆಯನ್ನು ಈಗ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ನೀಡಬೇಕೆಂದು ಕಾನೂನು ವಿಧಿಸಿದೆ. ಊಟ ಬಿಟ್ಟು, ಮಾತು ಬಿಟ್ಟು, ಸಾವನ್ನೇ ಬಯಸುವ ತೀವ್ರ ಖಿನ್ನತೆಯಲ್ಲಿ ಇಷ್ಟು ಬೇಗ ಫಲ ಕೊಡುವ ಚಿಕಿತ್ಸೆಗಳು ಕಡಿಮೆ.

ಗುಡಿ, ಆಸ್ಪತ್ರೆ, ಕಾನೂನು

ಮನಸ್ಸು ಕೆಟ್ಟವರನ್ನು ಮೊದಲು ಗುಡಿಗೋ ದರ್ಗಾಕ್ಕೋ ಕರೆದೊಯ್ಯುವುದು ಈ ನಾಡಿನ ರೂಢಿ. ರಘುರಾಂ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಲವಂತವಿಲ್ಲದ ಆ ಆಸರೆಯಿಂದ ರೋಗಲಕ್ಷಣಗಳು ಸುಮಾರು ಶೇಕಡಾ 20ರಷ್ಟು ತಗ್ಗಿದ್ದು ಕಂಡುಬಂತು. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ರಾಮನಾಥಪುರಂ ಜಿಲ್ಲೆಯ ಏರವಾಡಿಯಲ್ಲಿ ಸರಪಳಿಯಲ್ಲಿ ಬಂಧಿತರಾಗಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ 28 ಮಂದಿ ಪ್ರಾಣ ಕಳೆದುಕೊಂಡಿದ್ದರು. ಆಸರೆ ಗುಣಪಡಿಸುತ್ತದೆ, ಸರಪಳಿ ಕೊಲ್ಲುತ್ತದೆ ಎಂಬುದನ್ನು ಈ ಎರಡು ಘಟನೆಗಳು ಅಕ್ಕಪಕ್ಕದಲ್ಲಿ ನಿಂತು ತೋರಿಸುತ್ತವೆ. ಹರಕೆಯನ್ನೂ ಮಾತ್ರೆಯನ್ನೂ ಒಟ್ಟಿಗೆ ನಡೆಸಲು ವೈದ್ಯರ ಅಡ್ಡಿಯಿಲ್ಲ. ಮಾತ್ರೆ ನಿಲ್ಲಿಸಿ ಹರಕೆ ಹೊರುವುದರಲ್ಲಿ ಅಪಾಯವಿದೆ.

ನಿಮ್ಹಾನ್ಸ್ ಮುಂದಾಳತ್ವದಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮನೋರೋಗಗಳಲ್ಲಿ ಶೇಕಡಾ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಕಂದರವನ್ನು ತುಂಬಲು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲುರಾತ್ರಿ ಉಚಿತವಾಗಿ ಕರೆಮಾಡಬಹುದಾಗಿದ್ದು, ಅದರ ಸೇವೆಯ ಭಾಷೆಗಳಲ್ಲಿ ಕನ್ನಡವೂ ತಮಿಳೂ ಇವೆ. ಸಾಯುವ ಮಾತಾಡುವವರನ್ನು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹೆಚ್ಚುವುದಿಲ್ಲ; ಕೇಳುವುದು, ಒಂಟಿಯಾಗಿ ಬಿಡದಿರುವುದು, ತೋಟದ ಔಷಧಿಗಳನ್ನು ಬೀಗದಲ್ಲಿಡುವುದು, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯುವುದು ಜೀವ ಉಳಿಸುತ್ತದೆ. ಪೊಲೀಸರ ಭಯದಿಂದ ಮುಚ್ಚಿಡುವ ಅಗತ್ಯವೂ ಇಲ್ಲ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಆರೈಕೆ ನೀಡಬೇಕೆನ್ನುತ್ತದೆ.

ಅದೇ ಕಾಯ್ದೆಯ 22ನೆಯ ಕಲಮಿನ ಪ್ರಕಾರ, ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವುದು ವೈದ್ಯರ ಕರ್ತವ್ಯ. ಈ ಹಕ್ಕು ಬಳಕೆಗೆ ಬರಬೇಕಾದರೆ ಮನೆಯವರೂ ಸಿದ್ಧರಾಗಿರಬೇಕು. ಆ ಸಿದ್ಧತೆಗೆ ನೆರವಾಗಬಲ್ಲ, ಮನಸ್ಸಿನ ವಿಷಯವನ್ನು ತಿಳಿಗನ್ನಡದಲ್ಲಿ ಹೇಳುವ ಪರಂಪರೆಯೊಂದು ಕನ್ನಡದಲ್ಲಿದೆ: ‘ಕೊರವಂಜಿ’ ಹಾಸ್ಯಪತ್ರಿಕೆಯ ಸ್ಥಾಪಕರಾದ ಡಾ. ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಆ ದಾರಿಯಲ್ಲಿ ಹತ್ತಾರು ಪುಸ್ತಕಗಳನ್ನು ಬರೆದರು. ತಮಿಳಿನಲ್ಲಿ ಓದಿದ ಗಡಿನಾಡಿನ ಹಲವರಿಗೆ ಕನ್ನಡ ಲಿಪಿ ಬಾರದಿರುವುದರಿಂದ ಇಂಥ ಪುಸ್ತಕಗಳನ್ನು ಅಲ್ಲಿ ಓದಿ ಹೇಳುವವರು ಬೇಕು. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ರೋಗಿ ಆಡಿದ ಮಾತನ್ನು ಆಡಿದ ಹಾಗೆಯೇ, ಅದು ಎಂದಿನಿಂದ ಎಷ್ಟು ಹೊತ್ತು ಕಾಡುತ್ತದೆ ಎಂಬುದರೊಡನೆ, ತಮಿಳು ಅಕ್ಷರದಲ್ಲಾದರೂ ಬರೆದಿಟ್ಟುಕೊಂಡು, ಮೊದಲು ಆ ಕನ್ನಡ ಮಾತನ್ನೇ ಹೇಳಿ, ಆಮೇಲೆ ಅದರ ಅರ್ಥವನ್ನು ತಮಿಳಿನಲ್ಲಿ ಬಿಡಿಸಿ ಹೇಳಬೇಕು. ಆಗ ‘ಎದೆಯಲ್ಲಿ ಸಂಕಟ’ ಎಂಬುದು ದಾರಿಯಲ್ಲಿ ಎದೆನೋವಾಗಿ ಬದಲಾಗದೆ, ಸಂಕಟವಾಗಿಯೇ ವೈದ್ಯರ ಕಿವಿಯನ್ನು ಮುಟ್ಟುತ್ತದೆ.