ಲೆಕ್ಕದ ಪುಸ್ತಕಕ್ಕೂ ಮುಂಗಡ ಸಿಂಪರಣೆ ಬೇಕು



ಕೊಳೆರೋಗ ಕಾಣಿಸಿದ ಮೇಲೆ ಔಷಧಿ ಹೊಡೆದರೆ ಉದುರಿದ ಕಾಯಿ ತಿರುಗಿ ಗೊನೆಗೆ ಹತ್ತುವುದಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿನಲ್ಲಿ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಉಪಯೋಗವನ್ನು ತೋರಿಸಿಕೊಟ್ಟ ಕಾಲದಿಂದಲೂ ನಾವು ಮಳೆ ಹಿಡಿಯುವ ಮುನ್ನವೇ ಸಿಂಪಡಿಸುತ್ತಾ ಬಂದಿದ್ದೇವೆ. ಈ ಬುದ್ಧಿ ಗೊನೆಗೆ ಮಾತ್ರ ಸಾಲದು. ಫೋನು, ಕಂಪ್ಯೂಟರುಗಳಲ್ಲಿ ನಾವು ಇಟ್ಟುಕೊಂಡಿರುವ ಲೆಕ್ಕಪತ್ರಗಳಿಗೂ ಬೇಕು ಎಂಬುದನ್ನು ತಿಳಿಸಲು ಈ ಲೇಖನ. ಇದನ್ನು ನಾನು ಕಲಿತದ್ದು ನಷ್ಟ ಅನುಭವಿಸಿ.

2019ರ ಏಪ್ರಿಲ್ ಕೊನೆಯ ಒಂದು ಸಂಜೆ. ಹೂಮಳೆ ಆಗಿತ್ತು, ಬ್ಯಾಕಿಂಗ್ ಮಳೆಗೆ ಕಾಯುತ್ತಿದ್ದೆವು. ಮಳೆ ಬಂತು, ಅದರೊಡನೆ ಸಿಡಿಲೂ ಬಂತು. ಕಂಪ್ಯೂಟರ್ ಸುಟ್ಟಿತು. ‘ಬ್ಯಾಕಪ್ ಇದೆಯಲ್ಲ’ ಎಂಬ ಧೈರ್ಯದಲ್ಲಿ ಅದಕ್ಕೇ ಸದಾ ಸಿಕ್ಕಿಸಿಟ್ಟಿದ್ದ ಹಾರ್ಡ್ ಡಿಸ್ಕೂ ಸುಟ್ಟಿತು. ಹನ್ನೊಂದು ವರ್ಷದ ಬ್ಲಾಕುವಾರು ಕೊಯ್ಲಿನ ಲೆಕ್ಕ, ಆಳುಗಳ ಹಾಜರಿ, ದಿನದಿನದ ಮಳೆ ಲೆಕ್ಕ, ಎಲ್ಲವೂ ಹೋದವು. ನನ್ನ ತಂದೆಯವರು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮಳೆ ಪುಸ್ತಕಗಳು ಮಾತ್ರ, ಅಂಚು ಹುಳು ತಿಂದಿದ್ದರೂ, ಅಟ್ಟದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಇಂದು ಸ್ಪ್ರಿಂಕ್ಲರ್ ಹಾಕುವುದೋ, ಹೂಮಳೆಗೆ ಇನ್ನೊಂದು ವಾರ ಕಾಯುವುದೋ ಎಂದು ಹಿಂದಿನ ಲೆಕ್ಕ ನೋಡಹೊರಟರೆ ತಂದೆಯವರ ಕಾಲದ ಅಂಕಿ ಸಿಗುತ್ತದೆ, ನನ್ನ ಕಾಲದ್ದು ಸಿಗುವುದಿಲ್ಲ. ಪದವಿ ಪಡೆದ ಮಗನ ಸಾಧನೆ ಇದು!

ನಕಲು ಎಂದರೆ ಯಾವುದು?

ಮೂಲವನ್ನು ಹಾಳುಮಾಡಿದ ಅಪಾಯ ಯಾವುದನ್ನು ಮುಟ್ಟಲಾರದೋ ಅದೇ ನಕಲು. ಮಿಕ್ಕದ್ದು ಬರಿಯ ಸಮಾಧಾನ. ಎರಡು ಡಿಸ್ಕುಗಳಿರುವ ಪೆಟ್ಟಿಗೆಯೊಂದು ಪೇಟೆಯಲ್ಲಿ ದೊರೆಯುತ್ತದೆ. ಒಂದರಲ್ಲಿ ಬರೆದದ್ದು ತತ್‌ಕ್ಷಣ ಇನ್ನೊಂದರಲ್ಲೂ ಬರೆಯಲ್ಪಡುವಂತೆ ಅದನ್ನು ಹೊಂದಿಸಬಹುದು. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದು, ನಿಜ. ಆದರೆ ಅವೆರಡೂ ಒಂದೇ ತೋಟದ ಅಕ್ಕಪಕ್ಕದ ಮರಗಳು. ಕೊಳೆ ಬಂದರೆ ಎರಡಕ್ಕೂ ಬಂತು. ನೀವು ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಖದೀಮ ವೈರಸ್ ಎರಡಕ್ಕೂ ಬೀಗ ಜಡಿಯುತ್ತದೆ.

ಇದಕ್ಕೆ 3-2-1 ಎಂಬ ಸುಲಭ ಸೂತ್ರವೊಂದಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಇದು ಪ್ರಚಾರಕ್ಕೆ ಬಂತು. ಒಟ್ಟು 3 ಪ್ರತಿಗಳು. 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿ. 1 ಪ್ರತಿ ಮನೆಯಿಂದ ಹೊರಗೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಮೂಲ ಕಂಪ್ಯೂಟರಿನಲ್ಲಿರಲಿ. ಒಂದು ನಕಲು ಹಾರ್ಡ್ ಡಿಸ್ಕಿನಲ್ಲಿ, ಕೆಲಸ ಮುಗಿದೊಡನೆ ಕಳಚಿ ಬೀರುವಿನಲ್ಲಿರಲಿ. ಇನ್ನೊಂದು ಪೇಟೆಯಲ್ಲಿರುವ ತಂಗಿಯ ಮನೆಯಲ್ಲೋ, ಬೆಂಗಳೂರಿನ ಮಗನ ಬಳಿಯೋ, ಇಂಟರ್‌ನೆಟ್ ಖಾತೆಯಲ್ಲೋ ಇರಲಿ. ಗೂಗಲ್ ಖಾತೆಯಲ್ಲಿ ಫೋಟೋಗಳಿಗೆ ಇದ್ದ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ರಿಂದ ನಿಂತಿದೆ ಎಂಬುದು ನೆನಪಿರಲಿ. ಜಾಗ ತುಂಬಿದರೆ ಹೊಸ ಫೋಟೋಗಳು ಅಲ್ಲಿಗೆ ಹೋಗುವುದೇ ಇಲ್ಲ.

ಯಾವುದಕ್ಕೆ ಮೊದಲ ಗಮನ?

ತಿರುಗಿ ಪಡೆಯಬಹುದಾದದ್ದು, ಪಡೆಯಲಾಗದ್ದು ಎಂದು ಎರಡು ರಾಶಿ ಮಾಡಿ. ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಸಂಘಕ್ಕೆ ಹಾಕಿದ ಮಾಲಿನ ಲೆಕ್ಕ ನಮ್ಮ ಕಡತದಲ್ಲಿರುತ್ತದೆ. ಆದರೆ ನಿಮ್ಮ ಮಳೆ ಲೆಕ್ಕ, ಹಾಜರಿ ಪುಸ್ತಕ, ಯಾವ ಬ್ಲಾಕಿಗೆ ಎಂದು ಸುಣ್ಣ ಹಾಕಿದಿರಿ ಎಂಬ ಟಿಪ್ಪಣಿ, ತೀರಿಕೊಂಡ ಹಿರಿಯರ ಭಾವಚಿತ್ರ, ಇವನ್ನು ಯಾವ ಕಚೇರಿಯೂ ಕೊಡಲಾರದು. ಈ ಎರಡನೆಯ ರಾಶಿಗೇ ಮೊದಲ ಸಿಂಪರಣೆ.

ಮನೆ ಸರ್ವರ್ ಬೇಕೆ?

ಸದಾ ಚಾಲೂ ಇದ್ದು, ಮನೆಯವರೆಲ್ಲರ ಕಡತಗಳನ್ನು ಒಂದೆಡೆ ಇಟ್ಟುಕೊಡುವ ಕಂಪ್ಯೂಟರೇ ಸರ್ವರ್. ಇದಕ್ಕೆ ಹೊಸತನ್ನು ಕೊಳ್ಳಬೇಕಾಗಿಲ್ಲ. ಮಕ್ಕಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಸಾಕು. ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ಕರೆಂಟು ಹೋದಾಗ ಥಟ್ಟನೆ ಆರಿಹೋಗುವುದಿಲ್ಲ ಎಂಬುದು ಹೆಚ್ಚಿನ ಅನುಕೂಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಳಸಬೇಡಿ. ಸರಾಸರಿ 15 ವಾಟ್ ಎಳೆಯುವ ಯಂತ್ರ ಹಗಲಿರುಳೂ ಓಡಿದರೆ ತಿಂಗಳಿಗೆ ಸುಮಾರು 11 ಯೂನಿಟ್ ಆದೀತು. ಸಿಂಕ್‌ಥಿಂಗ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ, ತೋಟದಲ್ಲಿ ತೆಗೆದ ಫೋಟೋಗಳು ನೀವು ಮನೆಗೆ ಬಂದು ವೈಫೈಗೆ ಸೇರಿದೊಡನೆ ಅದಕ್ಕೆ ತಾವಾಗಿಯೇ ತಲಪುತ್ತವೆ. ಆದರೆ ಹೀಗೆ ಜೋಡಿಸಿದ ಎರಡು ಕಡೆಗಳಲ್ಲಿ ಸಾಮಾನ್ಯವಾಗಿ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ. ಆದುದರಿಂದ ಸರ್ವರ್ ಅನುಕೂಲವೇ ಹೊರತು ನಕಲಲ್ಲ. ಅದರಿಂದಲೂ ಆಗಾಗ ಡಿಸ್ಕಿಗೆ ಪ್ರತಿ ತೆಗೆದು ಕಳಚಿಡಬೇಕು.

ಸಿಡಿಲು ಮತ್ತು ತೇವ

ಸಿಡಿಲಿನ ಹೊಡೆತ ವಿದ್ಯುತ್ ತಂತಿಯಿಂದ ಮಾತ್ರವಲ್ಲ, ಟೆಲಿಫೋನ್, ಕೇಬಲ್, ಡಿಶ್ ತಂತಿಗಳಿಂದಲೂ ಒಳಬರುತ್ತದೆ. ಮೋಡ ಕಟ್ಟುವುದು ಕಂಡಾಗಲೇ ಎಲ್ಲವನ್ನೂ ಕಳಚಿ; ಗುಡುಗು ಕೇಳಿಸಿದ ಮೇಲೆ ಪ್ಲಗ್ಗಿಗೆ ಕೈ ಹಾಕಬೇಡಿ. ಗುಂಡಿ ಆರಿಸಿದರೆ ಸಾಲದು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಅದರ ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರಿನಲ್ಲಿ ಹರಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೇ ಬೂಸಲು ಹಿಡಿಯುವಾಗ ಡಿಸ್ಕ್ ಯಾವ ಲೆಕ್ಕ? ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ.

ಮನೆಯವರು ಕೇಳುವ ಪ್ರಶ್ನೆಗಳು

1 ಟಿಬಿ ಡಿಸ್ಕ್ ತಂದರೆ 931 ಜಿಬಿ ಮಾತ್ರ ತೋರಿಸುತ್ತದಲ್ಲ, ಅಂಗಡಿಯವ ಮೋಸ ಮಾಡಿದನೆ?
ಇಲ್ಲ. ಹಿಂದೆ ಊರಿಂದೂರಿಗೆ ಮಣದ ತೂಕ ಬೇರೆಯಾಗಿದ್ದಂತೆ ಇದು ಅಳತೆಯ ಭೇದ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದೆ, ಏನು?
ಒಳಗಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಸುತ್ತು ತಿರುಗುತ್ತದೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓದುವ ಮುಳ್ಳು ಚಲಿಸುತ್ತದೆ. ಹಿಂದಿಲ್ಲದ ಟಿಕ್ ಸದ್ದು ಎಡೆಬಿಡದೆ ಬಂದರೆ ಆ ಮುಳ್ಳು ಸೋಲುತ್ತಿರುವ ಲಕ್ಷಣ. ಕೂಡಲೇ ಆರಿಸಿ, ತಿಳಿದವರಿಗೆ ತೋರಿಸಿ. ಮತ್ತೆ ಮತ್ತೆ ಹಚ್ಚಿ ನೋಡಿದರೆ ಇದ್ದದ್ದೂ ಹೋದೀತು.

ದಾಖಲೆಯ ಫೋಟೋವನ್ನು ವಾಟ್ಸಾಪಿನಲ್ಲಿ ಮಗನಿಗೆ ಕಳಿಸಿದ್ದೇನೆ, ಸಾಲದೆ?
ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಸಣ್ಣ ಅಕ್ಷರ ಮಸುಕಾಗಬಹುದು. ಡಾಕ್ಯುಮೆಂಟ್ ಎಂದು ಕಳಿಸಿ.

ಕೊನೆಯದಾಗಿ

ನಕಲು ತೆಗೆಯಲು ನಾನು ಎರಡು ದಿನ ಗೊತ್ತುಮಾಡಿಕೊಂಡಿದ್ದೇನೆ. ಒಂದು ಯುಗಾದಿ, ಅಂದರೆ ಗುಡುಗಿನ ಮಳೆ ಜೋರಾಗುವ ಮೊದಲು. ಇನ್ನೊಂದು ದೀಪಾವಳಿ, ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲುವ ದಿನ. ನಡುವೆ ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಉತ್ತಮ. ಪ್ರತಿ ತೆಗೆದ ಮೇಲೆ ಅದರಿಂದ ನಾಲ್ಕು ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ನಕಲು, ಒಡೆದು ನೋಡದ ಅಡಿಕೆಯಂತೆ. ಒಳಗೆ ಏನಿದೆಯೋ ಬಲ್ಲವರಾರು?

ಇನ್ನೊಂದು ಮಾತು. ನಮ್ಮ ಸದಸ್ಯರೊಬ್ಬರು ತೀರಿಕೊಂಡ ನಂತರ ಅವರ ಮನೆಯವರು ಫೋನು ಹಿಡಿದು ಸಂಘದ ಕಚೇರಿಗೆ ಬಂದರು. ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದರು, ಯಾರಿಂದ ಬರಬೇಕು, ಎಲ್ಲ ಅದರೊಳಗೇ ಇತ್ತು. ತೆರೆಯುವ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಮಾಲಿನ ರಸೀದಿಗಳ ಪ್ರತಿ ಕೊಟ್ಟು ಕಳಿಸುವುದಷ್ಟೇ ನನ್ನಿಂದ ಸಾಧ್ಯವಾಯಿತು. ಆದ್ದರಿಂದ ಫೋನು, ಖಾತೆಗಳ ಗುಪ್ತಪದಗಳನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಪತ್ರಗಳ ಪೆಟ್ಟಿಗೆಯಲ್ಲಿಡಿ. ಇಟ್ಟ ಜಾಗವನ್ನು ಮನೆಯವರೊಬ್ಬರಿಗೆ ತಿಳಿಸಿರಿ.

ನಾನು ಈಗ ಮಳೆ ಲೆಕ್ಕವನ್ನು ಕಂಪ್ಯೂಟರಿಗೂ ಏರಿಸುತ್ತೇನೆ, ತಂದೆಯವರಂತೆ ಪುಸ್ತಕದಲ್ಲೂ ಬರೆಯುತ್ತೇನೆ. ಮೊನ್ನೆ ಅವರ ಹಳೆಯ ಪುಸ್ತಕಗಳ ಪುಟಗಳನ್ನೂ ಒಂದೊಂದಾಗಿ ಫೋಟೋ ತೆಗೆದು ಮುಗಿಸಿದೆ.

— ಕಾರ್ಯದರ್ಶಿ