ಒಣಗುವ ಮೊದಲೇ ತೊಳೆಯಿರಿ

ಮೈಸೂರಿನ ಉದಯಗಿರಿಯ ಓಣಿಗಳಲ್ಲಿ ಮದುವೆ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ನಿಕಾಹ್‌ಗೆ ಎರಡು ಮೂರು ದಿನ ಇರುವಾಗಲೇ ಕಚೋರ, ಲಾವಂಚ, ಗಂಧ, ಅರಿಶಿನ ಬೆರೆತ ಘಮ ಬಾಗಿಲು ದಾಟಿ ಬೀದಿಗೆ ಬಂದಿರುತ್ತದೆ. ಅದು ಚಿಕ್ಸಾ. ದಖನಿ ಮಾತಾಡುವ ಮನೆಗಳಲ್ಲಿ ಮದುಮಕ್ಕಳ ಮುಖಕ್ಕೆ, ಕೈಕಾಲಿಗೆ ಹಚ್ಚುವ ಪರಿಮಳದ ಪುಡಿ. ಹಾಲಲ್ಲೋ ಪನ್ನೀರಲ್ಲೋ ಕಲಸಿ, ಮನೆಯ ಹೆಂಗಸರೆಲ್ಲ ಸರದಿಯಲ್ಲಿ ಹಚ್ಚುತ್ತಾರೆ. ಒಂದೆರಡು ಬೀದಿ ಆಚೆ ಹಿಂದೂಗಳ ಮನೆಯಲ್ಲಿ ಮದುವೆಯಿದ್ದರೆ ಅಲ್ಲಿ ಅರಿಶಿನೆಣ್ಣೆ ಶಾಸ್ತ್ರ, ಕಡಲೆಹಿಟ್ಟು, ಸೀಗೆಪುಡಿ. ಸಾಮಗ್ರಿ ಅರ್ಧಕ್ಕರ್ಧ ಒಂದೇ, ಹಚ್ಚುವ ಕೈಗಳ ಅಕ್ಕರೆಯೂ ಒಂದೇ.

ಚಿಕ್ಸಾ ಇತ್ತೀಚಿನದಲ್ಲ. ದಖನ್ನಿನ ಮುಸ್ಲಿಮರ ಆಚಾರಗಳ ಬಗ್ಗೆ ಜಾಫರ್ ಶರೀಫ್ ಬರೆದು, ವೈದ್ಯ ಹರ್ಕ್‌ಲಾಟ್ಸ್ ಇಂಗ್ಲಿಷಿಗೆ ತಂದು, 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕಾನೂನ್-ಎ-ಇಸ್ಲಾಂ’ ಪುಸ್ತಕದಲ್ಲೇ ಇದರ ಮಾತಿದೆ. ಇಂದಿಗೂ ಪ್ರತಿ ಮನೆಗೆ ತನ್ನದೇ ಹದ, ತನ್ನದೇ ಪಾಲು. ಕಿತ್ತಳೆ ಸಿಪ್ಪೆ ಒಣಗಿಸಿ ಸೇರಿಸುವವರಿದ್ದಾರೆ, ಗುಲಾಬಿ ಎಸಳು ಹಾಕುವವರಿದ್ದಾರೆ, ಕೊನ್ನಾರಿ ಗಡ್ಡೆಯಿಲ್ಲದೆ ಚಿಕ್ಸಾನೇ ಅಲ್ಲ ಎನ್ನುವ ಅಜ್ಜಿಯರೂ ಇದ್ದಾರೆ.

ಮದುವೆಯಿಲ್ಲದ ದಿನಗಳಲ್ಲಿ ಈ ವಿದ್ಯೆ ಅಡುಗೆಮನೆಯ ಡಬ್ಬಗಳಿಗೆ ಇಳಿಯುತ್ತದೆ. ಕಡಲೆಹಿಟ್ಟು, ಹೆಸರುಹಿಟ್ಟು, ಮೊಸರು, ಹಾಲಿನ ಕೆನೆ, ಜೇನು, ಸೌತೆಕಾಯಿ, ಚಿಟಿಕೆ ಅರಿಶಿನ. ಭಾನುವಾರ ತಲೆಗೆ ಎಣ್ಣೆ ಹಾಕಿಕೊಂಡು ಕೂತ ಹೊತ್ತಿನಲ್ಲಿ ಮುಖಕ್ಕೊಂದು ಲೇಪ. ಏನೇನು ಬೆರೆಸಬೇಕೆಂದು ಹೇಳುವವರು ಈಗ ಲೆಕ್ಕವಿಲ್ಲದಷ್ಟು ಮಂದಿ. ಎಷ್ಟು ದಪ್ಪ ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಹೇಗೆ ತೆಗೆಯಬೇಕು ಎಂದು ಹೇಳುವವರೇ ಕಡಿಮೆ. ಇದರ ಕಸುಬೆಲ್ಲ ಇರುವುದು ಅಲ್ಲಿ.

ಉದಯಗಿರಿಯ ಒಂದು ಅಡುಗೆಮನೆಯಲ್ಲಿ ಹಿರಿಯರೊಬ್ಬರು ಲೇಪ ಕಲಸುವುದನ್ನು ಹತ್ತಿರ ಕೂತು ನೋಡಿದ್ದೇನೆ. ಹಿಟ್ಟನ್ನು ಮೊದಲು ಹಳೆಯ ಮಲ್ಲಿನ ದುಪಟ್ಟಾದಲ್ಲಿ ಶೋಧಿಸಿದರು. ಬಟ್ಟೆಯ ಮೇಲೆ ಉಳಿದ ತರಿಯನ್ನು ಹೆಬ್ಬೆರಳಿಂದ ಉಜ್ಜಿ ನೋಡಿ ಪಕ್ಕಕ್ಕಿಟ್ಟರು, ಅದು ಕಾಲಿನ ಹಿಮ್ಮಡಿಗಂತೆ. ಎರಡು ಚಮಚ ಕಡಲೆಹಿಟ್ಟಿಗೆ ಒಂದು ಚಮಚ ಮೊಸರು, ಉಗುರ ತುದಿಯಷ್ಟು ಅರಿಶಿನ, ನಾಲ್ಕು ಹನಿ ಪನ್ನೀರು. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ: ಬಟ್ಟಲು ಓರೆ ಮಾಡಿದರೆ ಜಾರಬಾರದು, ಬೆರಳಲ್ಲಿ ಎತ್ತಿದರೆ ಉದುರಬಾರದು. ಹುಡುಗಿಯೊಬ್ಬಳ ಮುಖಕ್ಕೆ ಹಚ್ಚಿದ ಮೇಲೆ ಅವಳ ಗಲ್ಲವನ್ನು ಆಗಾಗ ಬೆರಳಿಂದ ಮುಟ್ಟಿ ನೋಡುತ್ತಿದ್ದರು. ಅಂಚು ಬಿಳಿಚಿ ಬಿರಿಯುವ ಮೊದಲೇ ಒದ್ದೆ ಕೈಯಿಂದ ಸವರಿ ನೆನೆಸಿದರು, ಆಮೇಲೆ ತೊಳೆದರು. ಕೊನೆಗೆ ಎರಡು ಹನಿ ಬಾದಾಮಿ ಎಣ್ಣೆ.

ಇದು ಆಯುರ್ವೇದದ ವಾಗ್ಭಟನ ಕ್ರಮವೇ. ಸುಮಾರು ಏಳನೆಯ ಶತಮಾನದ ಅವನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದ 22ನೆಯ ಅಧ್ಯಾಯದಲ್ಲಿ ಮುಖಲೇಪದ ವಿಚಾರ ಬರುತ್ತದೆ. ದೋಷ ಕಳೆಯುವುದು, ವಿಷ ಕಳೆಯುವುದು, ಕಾಂತಿ ಕೊಡುವುದು ಎಂದು ಮೂರು ಬಗೆ. ದಪ್ಪವೂ ಮೂರು ಬಗೆ: ಅಂಗುಲದ ಕಾಲು ಭಾಗ, ಮೂರರಲ್ಲೊಂದು ಭಾಗ, ಅರ್ಧ. ಹಸಿಯಾಗಿರುವ ತನಕ ಮಾತ್ರ ಮುಖದ ಮೇಲಿರಬೇಕು, ಒಣಗಿದರೆ ಚರ್ಮದ ಕಾಂತಿಯನ್ನೇ ಕೆಡಿಸುತ್ತದೆ, ನೆನೆಸಿ ತೆಗೆದು ಎಣ್ಣೆ ಸವರಬೇಕು ಎನ್ನುತ್ತದೆ ಗ್ರಂಥ. ಲೇಪವಿರುವಾಗ ಹಗಲುನಿದ್ದೆ, ಹೆಚ್ಚು ಮಾತು, ಬೆಂಕಿ, ಬಿಸಿಲು, ದುಃಖ, ಸಿಟ್ಟು ಕೂಡದು. ಆರು ಋತುವಿಗೆ ಆರು ಲೇಪಗಳೂ ಅಲ್ಲಿವೆ. ಮೈಸೂರಿನಲ್ಲಿ 1908ರಿಂದ ನಡೆದುಬಂದಿರುವ ಸರ್ಕಾರಿ ಆಯುರ್ವೇದ ಕಾಲೇಜಿನಂಥ ಕಡೆ ಪಾಠವಾಗುವ ಮಾತನ್ನು, ಆ ಗ್ರಂಥದ ಹೆಸರೂ ಕೇಳದ ಹೆಂಗಸರು ಕೈಯಲ್ಲಿ ಉಳಿಸಿಕೊಂಡಿದ್ದಾರೆ. ನನಗೆ ಇದು ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಒಣಗಬಾರದು ಏಕೆ? ಹಿಟ್ಟಾಗಲಿ ಮುಲ್ತಾನಿ ಮಿಟ್ಟಿಯಾಗಲಿ ಮುಖದ ಎಣ್ಣೆಯನ್ನು ಹೀರುತ್ತವೆ. ಪೂರ್ತಿ ಒಣಗಿದರೆ ಚರ್ಮದ ಮೇಲ್ಪದರದ ತೇವವನ್ನೂ ಎಳೆಯುತ್ತವೆ, ಗಟ್ಟಿಯಾದ ಪದರವನ್ನು ಉಜ್ಜಿ ಕೀಳುವಾಗ ಗೀರು ಬೀಳುತ್ತದೆ. ‘ಬಿಗಿಯಾಯ್ತು, ಕೆಲಸ ಮಾಡ್ತಿದೆ’ ಎಂದು ನಾವು ಸಂತೋಷಪಡುವ ಹೊತ್ತು ನಿಜವಾಗಿ ತೊಳೆಯಬೇಕಾದ ಹೊತ್ತು. ಹತ್ತರಿಂದ ಹದಿನೈದು ನಿಮಿಷ ಧಾರಾಳವಾಯಿತು. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ಸತ್ತ ಚರ್ಮದ ಪದರವನ್ನು ಮೆದುವಾಗಿ ಸಡಿಲಿಸುತ್ತದೆ. ಜೇನು ನೀರನ್ನು ಹಿಡಿದಿಡುತ್ತದೆ. ಕೆನೆಯ ಜಿಡ್ಡು ಒಣ ಚರ್ಮಕ್ಕೆ ಹಿತ. ಹಾಗಾಗಿ ಡಿಸೆಂಬರ್, ಜನವರಿಯ ಒಣ ಚಳಿಗೆ ಕೆನೆ-ಜೇನು, ಏಪ್ರಿಲ್ ಬಿಸಿಲಿಗೆ ಮೊಸರು-ಸೌತೆ. ಬೆವರುವ ಎಣ್ಣೆಮುಖಕ್ಕೆ ವಾರಕ್ಕೊಮ್ಮೆ ಮುಲ್ತಾನಿ ಮಿಟ್ಟಿ. ಆ ಮಣ್ಣಿನ ಹೆಸರು ಮುಲ್ತಾನಿನದಾದರೂ ರಾಜಸ್ಥಾನದ ಬಾರ್ಮೇರ್ ಕಡೆಯಲ್ಲೂ ಅದು ಸಿಗುತ್ತದೆ.

ಗಂಧ ಮಾತ್ರ ಈಗ ಅಡುಗೆಮನೆ ಬಿಟ್ಟುಹೋಗಿದೆ. ಮೊದಲ ಮಹಾಯುದ್ಧದಲ್ಲಿ ಹೊರದೇಶದ ದಾರಿ ಮುಚ್ಚಿ ರಾಶಿಬಿದ್ದ ಗಂಧದ ಮರದಿಂದ ಎಣ್ಣೆ ತೆಗೆದು, 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಮಾಡಿದ ಸೀಮೆ ನಮ್ಮದು. ಆದರೂ ಇವತ್ತು ಅಪ್ಪಟ ಗಂಧದ ಕೊರಡು ಸಾಮಾನ್ಯರ ಕೈಗೆಟುಕುವುದಿಲ್ಲ. ಅಗ್ಗದ ‘ಗಂಧದ ಪುಡಿ’ ಎಂದು ಸಿಗುವುದರಲ್ಲಿ ಬಹುಪಾಲು ಬೇರೆ ಮರದ ಹುಡಿ, ಸೆಂಟು. ಅದನ್ನು ಹಚ್ಚುವುದಕ್ಕಿಂತ ಗಂಧವಿಲ್ಲದ ಲೇಪವೇ ಮೇಲು.

ಅರಿಶಿನದಲ್ಲೂ ಎಚ್ಚರ ಬೇಕು. ಪಕ್ಕದ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಶಿನ ಬೆಳೆಯುವ ಹೊಲಗಳೇ ಇರುವಾಗ ಕೊಂಬು ತಂದು ಕಲ್ಲಿನ ಮೇಲೆ ತೇಯ್ದುಕೊಳ್ಳುವುದು ಕಷ್ಟವೇನಲ್ಲ. ಬಿಡಿ ಪುಡಿಗೆ ಮೆಟಾನಿಲ್ ಯೆಲ್ಲೋ ಎಂಬ ನಿಷಿದ್ಧ ಬಣ್ಣ ಬೆರೆಸುವುದುಂಟು. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕದೆ ಬಿಡಿ. ಅಪ್ಪಟವಾದರೆ ತಳಕ್ಕಿಳಿಯುವಾಗ ನೀರಿಗೆ ತಿಳಿಹಳದಿ ಬರುತ್ತದೆ, ಬಣ್ಣ ಬೆರೆತಿದ್ದರೆ ಕಡುಹಳದಿ.

ಅಡುಗೆಮನೆಯಲ್ಲಿರುವುದೆಲ್ಲ ಮುಖಕ್ಕೆ ಆಗುವುದಿಲ್ಲ. ನಿಂಬೆರಸವನ್ನು ನೇರವಾಗಿ ಹಚ್ಚುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಚರ್ಮದ ಪಿಎಚ್ ಸುಮಾರು 5, ನಿಂಬೆಯದು 2ರ ಆಸುಪಾಸು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಗಾಯದಂತೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ ಇನ್ನೊಂದು ದಿಕ್ಕಿನ ಅತಿ: ಅದರ ಪಿಎಚ್ 8ರ ಮೇಲೆ. ದಾಲ್ಚಿನ್ನಿ ಪುಡಿ ಉರಿ ತರಿಸುತ್ತದೆ. ಪಪ್ಪಾಯಿ ಕಾಯಿಯ ಹಾಲು ಮಾಂಸ ಮೆದುಮಾಡುವ ಕಿಣ್ವವುಳ್ಳದ್ದು, ಕೆನ್ನೆಗೆ ಬೇಡ.

ಬಣ್ಣದ ಮಾತೂ ಬರುತ್ತದೆ. ‘ಬೆಳ್ಳಗಾಗ್ತಾಳಾ?’ ಎಂಬ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದಾಗಲೆಲ್ಲ ನೋವಾಗುತ್ತದೆ. 1975ರಿಂದ ಈ ಆಸೆಯನ್ನೇ ಮಾರುತ್ತ ಬಂದ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆಯಿತು, ಆಸೆ ಮಾತ್ರ ಮನೆಗಳಲ್ಲಿ ಉಳಿದಿದೆ. ಯಾವ ಹಿಟ್ಟೂ, ಯಾವ ಕೆನೆಯೂ ಹುಟ್ಟಿನ ಬಣ್ಣವನ್ನು ಬದಲಿಸುವುದಿಲ್ಲ. ಧೂಳು, ಜಿಡ್ಡು ತೆಗೆದು ಚರ್ಮವನ್ನು ಮೆದುವಾಗಿಸುವುದು ಲೇಪದ ಕೆಲಸ. ಎಣ್ಣೆಗಪ್ಪು ಕೆನ್ನೆಯೂ ತೊಳೆದ ಮೇಲೆ ಹೊಳೆಯುತ್ತದೆ, ಆ ಹೊಳಪನ್ನು ನೋಡಿ ಹೆಣ್ಣುಮಕ್ಕಳನ್ನು ಹೊಗಳುವುದನ್ನು ನಾವು ಕಲಿಯಬೇಕು.

ಇನ್ನು ಶುರುಮಾಡುವವರಿಗೆ. ಒಣ ಸಾಮಗ್ರಿಯನ್ನು ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಗಳಲ್ಲಿ ಇಡಿಯಾಗಿಯೇ ಕೊಂಡು, ನೆರಳಲ್ಲಿ ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಶೋಧಿಸಿ ಗಾಜಿನ ಸೀಸೆಯಲ್ಲಿಡಿ. ನೀರು, ಹಾಲು, ಮೊಸರು ಸೇರಿಸಿದ್ದು ಆ ಹೊತ್ತಿಗಷ್ಟೇ, ಉಳಿದದ್ದನ್ನು ಫ್ರಿಜ್ಜಿನಲ್ಲಿಡಬೇಡಿ, ಕೈಕಾಲಿಗೆ ಹಚ್ಚಿ ಮುಗಿಸಿ. ಹೊಸ ಮಿಶ್ರಣವನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಕಂಡರೆ ಬಿಟ್ಟುಬಿಡಿ. ಕೀವು ತುಂಬಿದ ಮೊಡವೆ, ಇಸುಬು, ಹರಡುತ್ತಿರುವ ಕಲೆ ಇದ್ದವರು ಡಬ್ಬ ತೆರೆಯದೆ ಚರ್ಮವೈದ್ಯರ ಬಳಿ ಹೋಗಿ. ಮದುವೆಗೆಂದು ಹೊಸ ಲೇಪ ಹಚ್ಚಿ ನೋಡುವವರು ತಿಂಗಳು ಮೊದಲೇ ನೋಡಿಕೊಳ್ಳಿ, ಹಿಂದಿನ ದಿನ ಬೇಡ.